ಅತ್ತಿಗೆ ಒಗೆಯದೆ ಇಟ್ಟ ಜೆರ್ಸಿ

ಆಟಗಾರರು ಮದ್ದು ಚುಚ್ಚಿಕೊಂಡರೆ ಬೇರೆಯವರಿಗೇನು ನಷ್ಟ, ಅವರ ಮೈ ಅವರ ಇಷ್ಟ ಅಂತ ಟೀವಿಯಲ್ಲಿ ಕೂತು ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಕಟಿಂಗ್ ಶಾಪಿನಲ್ಲಿ ಕೂತಿದ್ದಾಗ ಇದೇ ಚರ್ಚೆ ನಡೆಯುತ್ತಿತ್ತು. ಟೀವಿಯೊಳಗಿನ ಕನ್ನಡಕದವನು, "ಎಲ್ಲರಿಗೂ ತಗೊಳ್ಳೋಕೆ ಬಿಟ್ಟುಬಿಡಿ, ಆಗ ಎಲ್ಲರೂ ಸಮ ಆಗ್ತಾರೆ" ಅಂದ. ಪಕ್ಕದ ಕುರ್ಚಿಯವನು ಹೌದೌದು ಅಂತ ತಲೆ ಆಡಿಸಿದ. ನಾನು ಸೋಪು ಮೆತ್ತಿದ ಮುಖದಲ್ಲೇ ಎದ್ದು ಹೋಗಿ ಟೀವಿ ಆರಿಸಿದೆ. "ಯಾಕ್ರೀ, ಟೀವಿ ನಿಮ್ಮಪ್ಪಂದಾ?" ಅಂದ ಅವನು. ಕಟಿಂಗ್ ಮಾಡುವವನು ನನ್ನ ಭುಜ ಒತ್ತಿ ಕೂರಿಸದಿದ್ದರೆ ಅರ್ಧ ಗಡ್ಡದಲ್ಲೇ ಬೀದಿಗೆ ಬಿದ್ದು ಹೊಡೆದಾಡುತ್ತಿದ್ದೆ.

ನನಗೆ ಭಾಷಣ ಬರುವುದಿಲ್ಲ. ಗೇಟು, ಕಿಟಕಿ ಸರಳು ವೆಲ್ಡಿಂಗ್ ಮಾಡುವವನು ನಾನು. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಹತ್ತಿರ ಜಗಳ ಆಡಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನನಗೆ ಸರಿಯಾಗಿ ಗೊತ್ತಿರುವುದು ನನ್ನ ಅತ್ತಿಗೆಯ ವಿಷಯ. ಅದನ್ನೇ ಬರೆಯುತ್ತೇನೆ. ಓದಿದ ಮೇಲೆ ಅವರ ಮೈ ಅವರ ಇಷ್ಟ ಅನ್ನುವವರು ಅನ್ನಲಿ.

ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನಿನ್ನೂ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ. ಅಮ್ಮ ಇರಲಿಲ್ಲ. ಉಣ್ಣಿಸಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು, ಅದೇ ಒದ್ದೆ ಬಟ್ಟೆ ಹಿಂಡಿ ಬೆನ್ನಿಗೆ ಬಾರಿಸಿದ್ದು ಎಲ್ಲ ಅವಳೇ. ಅದಕ್ಕೇ ನಾನು ಅವಳನ್ನು ಏಕವಚನದಲ್ಲೇ ಕರೆಯುವುದು. ಕುಳ್ಳಿ. ಮಣಿಕಟ್ಟು ಮಾತ್ರ ಗಂಡಸಿನಷ್ಟು ದಪ್ಪ. ದೇವತೆ ಅಂತ ನಾನು ಹೇಳುವುದಿಲ್ಲ. ಅವಳ ಮಗಳ ಮದುವೆಯಲ್ಲಿ ಸಾರು ತೆಳ್ಳಗಿತ್ತು ಅಂದದ್ದಕ್ಕೆ ನಮ್ಮ ಅಕ್ಕನ ಹತ್ತಿರ ಇವತ್ತಿಗೂ ಮಾತಿಲ್ಲ. ಕೋಪ ನನಗೂ ಬರುತ್ತದೆ, ಆದರೆ ನನ್ನದು ಪಟಾಕಿ, ಸಿಡಿದು ಹೋಗುತ್ತದೆ. ಅವಳದು ಬೂದಿಯೊಳಗಿನ ಕೆಂಡ, ವರ್ಷಗಟ್ಟಲೆ ಆರುವುದಿಲ್ಲ.

ನಮ್ಮೂರ ಟೈರ್ ಫ್ಯಾಕ್ಟರಿಗೆ ಒಂದು ಸೈಕಲ್ ರೇಸಿನ ತಂಡ ಇತ್ತು. ಹವ್ಯಾಸಕ್ಕೆ ತುಳಿಯುವವರಲ್ಲ, ಸಂಬಳಕ್ಕೆ ತುಳಿಯುವವರು. ಎದೆಯ ಮೇಲೆ ಫ್ಯಾಕ್ಟರಿ ಹೆಸರು ಹೊತ್ತುಕೊಂಡು ಬೆಟ್ಟ ಹತ್ತುವುದೇ ಅವರ ನೌಕರಿ. ಅಣ್ಣ ಆ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್. ಅತ್ತಿಗೆ ಆ ತಂಡದ ಬಟ್ಟೆ ಒಗೆಯುವವಳು.

ಸೈಕಲ್ ಶೆಡ್ಡಿನ ಹಿಂದೆ ಒಂದು ಕೋಣೆ. ಎರಡು ಮೆಷಿನ್ನು, ಅದರಲ್ಲಿ ಒಂದರ ಬಾಗಿಲಿಂದ ಸದಾ ನೀರು ಸೋರುತ್ತಿತ್ತು. ಮೂಲೆಯಲ್ಲಿ ಸಿಮೆಂಟ್ ತೊಟ್ಟಿ, ಗೋಡೆಯಿಂದ ಗೋಡೆಗೆ ಹಗ್ಗ. ಬೆವರು, ಮಾಲೀಸಿನ ಎಣ್ಣೆ, ಸೋಪು ಎಲ್ಲ ಸೇರಿದ ವಾಸನೆ. ಒಳಗೆ ಹೋದರೆ ಮೂಗು ಸುಟ್ಟ ಹಾಗಾಗುತ್ತಿತ್ತು. ಒಬ್ಬೊಬ್ಬ ಸವಾರನಿಗೆ ಒಂದೊಂದು ಬಲೆ ಚೀಲ, ಅದರ ಮೇಲೆ ಅವನ ನಂಬರು. ಕೊಳೆ ಬಟ್ಟೆ ಅದರೊಳಗೆ ತುರುಕಿ ಬಾಯಿ ಕಟ್ಟಿ ಎಸೆದರೆ ಅವರ ಕೆಲಸ ಮುಗಿಯಿತು. ಆಮೇಲಿನದು ಅತ್ತಿಗೆಯದು.

ಸೈಕಲ್ ಸವಾರರ ಜೆರ್ಸಿಗೆ ಜೇಬು ಇರುವುದು ಬೆನ್ನ ಹಿಂದೆ, ಸೊಂಟದ ಹತ್ತಿರ, ಮೂರು. ರೇಸಿನಲ್ಲಿ ತಿನ್ನುವುದಕ್ಕೆ ಏನೇನೋ ತುಂಬಿಕೊಂಡಿರುತ್ತಾರೆ. ಕಪ್ಪಾದ ಬಾಳೆಹಣ್ಣು, ಅರ್ಧ ಹೀರಿದ ಸಕ್ಕರೆ ಪಾಕದ ಪೊಟ್ಟಣ. ಆ ಪಾಕದ ಪೊಟ್ಟಣ ಒಂದು ಮೆಷಿನ್ನಿಗೆ ಹೋದರೆ ಅಷ್ಟೂ ಬಟ್ಟೆ ಒಂದಕ್ಕೊಂದು ಅಂಟಿ ಬರುತ್ತದೆ. ಅದಕ್ಕೆ ಅತ್ತಿಗೆ ಪ್ರತಿ ಜೇಬಿಗೂ ಬರಿಗೈ ಹಾಕಿ, ಮೂಲೆ ತಡವಿ, ಒಳಗಿನ ಬಟ್ಟೆ ಹೊರಗೆ ಎಳೆಯುತ್ತಿದ್ದಳು. ಕೈಗೆ ಗ್ಲೌಸ್ ಹಾಕು ಅಂದರೆ, "ಗ್ಲೌಸಿಗೆ ಅಂಟು ಗೊತ್ತಾಗಲ್ಲ ಕಣೋ, ಬೆರಳಿಗೆ ಗೊತ್ತಾಗತ್ತೆ" ಅನ್ನುತ್ತಿದ್ದಳು. ರೇಸಿನ ನಂಬರು ಬರೆದ ತುಂಡನ್ನು ಜೆರ್ಸಿಗೆ ಪಿನ್ನು ಹಾಕಿ ಕಚ್ಚಿಸಿರುತ್ತಾರಲ್ಲ, ಆ ಪಿನ್ನು ತೆಗೆಯುವುದೂ ಅವಳೇ. ಅವಳ ಬೆರಳ ತುದಿ ಯಾವಾಗ ನೋಡಿದರೂ ಚುಚ್ಚಿ ಚುಚ್ಚಿ ಜರಡಿ ಆಗಿರುತ್ತಿತ್ತು.

ತಂಡದಲ್ಲಿ ಒಬ್ಬನಿಗೆ ಅತ್ತಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದಳು. ಉದ್ದ ಕಾಲು, ಸಣ್ಣ ತಲೆ, ಸೈಕಲ್ ಇಳಿದು ನಡೆದರೆ ಕೆಸರಲ್ಲಿ ಹೆಜ್ಜೆ ಎತ್ತಿಡುವ ಹಾಗೆ ನಡಿಗೆ. ಊರಿಗೆಲ್ಲ ಅವನೇ ಹೀರೋ. ಬೆಟ್ಟದ ರೇಸಿನಲ್ಲಿ ಅವನು ಮುಂದೆ ಬಂದರೆ ಅಂಗಡಿಗಳಲ್ಲಿ ತೂಕ ಹಾಕುತ್ತಿದ್ದವರು ತಕ್ಕಡಿ ಬಿಟ್ಟು ಟೀವಿ ನೋಡುತ್ತಿದ್ದರು. ಅವನು ಒಗೆಯುವ ಕೋಣೆಗೆ ಬಂದು, ಅತ್ತಿಗೆಯ ಡಬ್ಬಿ ತೆಗೆದು, ಅವಳ ಊಟ ಅವಳ ಕಣ್ಣೆದುರೇ ತಿಂದು, "ಅಕ್ಕ, ಉಪ್ಪು ಕಮ್ಮಿ" ಅಂದು ಹೋಗುತ್ತಿದ್ದ. "ಹೊಟ್ಟೆಗೆ ಬೆಂಕಿ ಬಿದ್ದವನು" ಅಂತ ಬೈಯುತ್ತಲೇ ಮಾರನೇ ದಿನ ಅವಳು ಎರಡು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳು.

ಆ ಕೊಕ್ಕರೆಯ ಜೇಬಿನಲ್ಲೇ ಇತ್ತು ಸೂಜಿ.

ಒಂದು ರೇಸಿನ ಮಾರನೇ ದಿನ ಬೆಳಗ್ಗೆ ಅತ್ತಿಗೆ ಅವನ ಚೀಲ ಬಿಚ್ಚಿ, ಜೆರ್ಸಿಯ ನಡುವಿನ ಜೇಬಿಗೆ ಕೈ ಹಾಕಿದಳು. ಬೆರಳ ಮಾಂಸಕ್ಕೆ ಏನೋ ಇಳಿಯಿತು. ಪಿನ್ನು ಅಂದುಕೊಂಡು ಎಳೆದರೆ ಬಂದದ್ದು ಸಿರಿಂಜು. ಮುಚ್ಚಳ ಇಲ್ಲದ ಸೂಜಿ, ಕೊಳವೆಯೊಳಗೆ ಚೂರು ರಕ್ತ, ಜೇಬಿನ ಒಳಬಟ್ಟೆಯೆಲ್ಲ ಏನೋ ಔಷಧಿ ಸೋರಿ ಗಟ್ಟಿಯಾಗಿತ್ತು. ನಲ್ಲಿ ಕೆಳಗೆ ಕೈ ಹಿಡಿದು ಬೆರಳು ಹಿಂಡಿದಳಂತೆ. ಆಮೇಲೆ ಆ ಸಿರಿಂಜನ್ನು ಸೋಪಿನ ಡಬ್ಬದ ಮುಚ್ಚಳದಲ್ಲಿ ಇಟ್ಟುಕೊಂಡು ನೇರ ಮ್ಯಾನೇಜರ್ ಕೋಣೆಗೆ ಹೋದಳು.

ಆ ಆಟದಲ್ಲಿ ಕದ್ದು ಮದ್ದು ತಗೊಳ್ಳುವುದಿರಲಿ, ಸವಾರನ ಹತ್ತಿರ ಸೂಜಿ ಇದ್ದರೇ ತಪ್ಪು. ಮ್ಯಾನೇಜರ್ ಬಾಗಿಲು ಹಾಕಿದ. ಸಿರಿಂಜನ್ನು ಕಾಗದದಲ್ಲಿ ಸುತ್ತಿ ಡ್ರಾಯರ್‌ಗೆ ಹಾಕಿ ಬೀಗ ತಿರುಗಿಸಿದ.

"ನೋಡಮ್ಮ, ನಿನಗೆ ಚುಚ್ಚಿದ್ದು ನಂಬರ್ ಹಾಕೋ ಪಿನ್ನು."

"ಪಿನ್ನಲ್ಲ ಸಾರ್. ನೀವೇ ಈಗ ಒಳಗಿಟ್ರಲ್ಲ."

"ಪಿನ್ನು ಅಂದ್ನಲ್ಲ. ನಮ್ಮ ಕ್ಲಿನಿಕ್ಕಿಗೆ ಹೋಗು, ಪಿನ್ನು ಚುಚ್ಚಿತು ಅನ್ನು, ಒಂದು ಟಿಟಿ ಇಂಜೆಕ್ಷನ್ ಹಾಕ್ತಾರೆ. ನಿನ್ನ ಯಜಮಾನ್ರು ಗೇಟಲ್ಲಿ ಚೆನ್ನಾಗಿದಾರೆ ತಾನೇ?"

ಆ ಕೊನೆಯ ಮಾತು ಯಾಕೆ ಬಂತು ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ಅವಳು. ಕ್ಲಿನಿಕ್ಕಿಗೆ ಹೋಗಿ ಪಿನ್ನು ಅಂತಲೇ ಹೇಳಿದಳು. ಇಂಜೆಕ್ಷನ್ ಹಾಕಿಸಿಕೊಂಡು ಬಂದು ಉಳಿದ ಬಟ್ಟೆಯೆಲ್ಲ ಒಗೆದಳು. ಆ ಒಂದು ಜೆರ್ಸಿ ಮಾತ್ರ ಒಗೆಯಲಿಲ್ಲ. ಚೀಲಕ್ಕೆ ವಾಪಸ್ ಹಾಕಿ, ಬಾಯಿ ಬಿಗಿದು, ತಾನು ಮನೆಗೆ ಒಯ್ಯುವ ಬ್ಯಾಗಿನಲ್ಲಿ ಇಟ್ಟುಕೊಂಡಳು. ಮ್ಯಾನೇಜರನಿಗೆ ಸಿರಿಂಜು ಕಂಡಿತ್ತು, ಜೆರ್ಸಿ ನೆನಪಾಗಲಿಲ್ಲ. ಬಟ್ಟೆ ಅಂದರೆ ತಾನಾಗಿ ಶುಭ್ರವಾಗಿ ಮಡಚಿಕೊಂಡು ಬರುವ ವಸ್ತು ಅಂತ ತಿಳಿದವನು ಅವನು.

ಸಂಜೆ ನಾನು ಅವರ ಮನೆಗೆ ಹೋದಾಗ ಅವಳು ಎಡಗೈಯಲ್ಲಿ ಊಟ ಬಡಿಸುತ್ತಿದ್ದಳು. ಏನಾಯ್ತು ಅಂದೆ. ಹೇಳಿದಳು. ನಾನು ತಟ್ಟೆ ಬಿಟ್ಟು ಎದ್ದೆ.

"ಎಲ್ಲಿಗೆ?" ಅಂದಳು.

"ಆ ಮ್ಯಾನೇಜರ್ ಹಲ್ಲು ಉದುರಿಸೋಕೆ."

"ಅವನ ಹಲ್ಲಿಂದ ನನ್ನ ಬೆರಳಿಗೆ ಏನು ಪ್ರಯೋಜನ? ಕೂತ್ಕೊ. ಅನ್ನ ಬಿಟ್ಟು ಏಳಬೇಡ."

ಅಣ್ಣ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. "ದೊಡ್ಡೋರ ಸಹವಾಸ. ಬಿಟ್ಟುಬಿಡೋದು ಒಳ್ಳೇದು" ಅಂದ. ಅಣ್ಣ ಅಂತ ನೋಡಲಿಲ್ಲ, ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಲ್ಲಿಂದಲೇ ಅತ್ತಿಗೆಯನ್ನು ಗಾಡಿ ಹಿಂದೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅತ್ತಿಗೆ ಈ ಸಲ ಸಿರಿಂಜು ಅಂತಲೇ ಹೇಳಿದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಬೇರೆಯವರ ರಕ್ತ ಇರುವ ಸೂಜಿ ಚುಚ್ಚಿದರೆ ಎಚ್‌ಐವಿ ಬರಬಹುದು, ಕಾಮಾಲೆ ಬರಬಹುದು. ಬರುವ ಸಂಭವ ಕಮ್ಮಿ, ಆದರೂ ಕೂಡಲೇ ಮಾತ್ರೆ ಶುರು ಮಾಡಬೇಕು, ಒಂದು ತಿಂಗಳು ನುಂಗಬೇಕು, ಮೂರು ತಿಂಗಳ ಮೇಲೆ ಕೊನೆಯ ಪರೀಕ್ಷೆ ಮಾಡಿ ಆಮೇಲೆ ನಿರಾಳ. "ಅಥವಾ ಆ ಸೂಜಿ ಯಾರದೋ ಅವರು ಬಂದು ರಕ್ತ ಕೊಟ್ರೆ ಬೇಗ ಗೊತ್ತಾಗತ್ತೆ. ಅವರಿಗೆ ಏನೂ ಇಲ್ಲ ಅಂದ್ರೆ ನಿಮಗೆ ಈ ಮಾತ್ರೆಯ ಕಾಟ ಇರಲ್ಲ. ಅವರು ಬರ್ತಾರಾ?"

"ಬರ್ತಾನೆ. ನನ್ನ ಕೈ ಅನ್ನ ತಿಂದೋನು" ಅಂದಳು ಅತ್ತಿಗೆ.

ಮಾರನೇ ದಿನ ನಾನೂ ಜೊತೆಗೆ ಹೋದೆ. ಕೊಕ್ಕರೆ ಶೆಡ್ಡಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಇದ್ದ. ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮನ್ನು ನೋಡಿ ತುಳಿಯುವುದು ನಿಲ್ಲಿಸಲಿಲ್ಲ.

"ಮಗ, ಇಳಿ ಕೆಳಗೆ" ಅಂದಳು ಅತ್ತಿಗೆ.

"ಗೊತ್ತಾಯ್ತಕ್ಕ. ಮ್ಯಾನೇಜರ್ ಹೇಳಿದ್ರು. ತಂಡದ ಬಸ್ಸಲ್ಲಿ ಚುಚ್ಕೋತಿದ್ದಾಗ ಯಾರೋ ಬಾಗಿಲು ಬಡಿದ್ರು, ಮದ್ದಿನ ತಪಾಸಣೆಯವರು ಅಂದ್ಕೊಂಡೆ. ಬಿಚ್ಚಿಟ್ಟಿದ್ದ ಜೆರ್ಸಿಗೆ ತುರುಕಿ ಚೀಲ ಕಟ್ಟಿಬಿಟ್ಟೆ. ಕೊಳೆ ಬಟ್ಟೆ ಯಾರು ನೋಡ್ತಾರೆ ಅಂತ..."

"ನಾನು ನೋಡ್ತೀನಲ್ಲೋ. ದಿನಾ ನೋಡೋಳು ನಾನೇ ಅಲ್ವೇನೋ."

ಅವನ ಕಾಲು ನಿಂತಿತು.

"ಅದು ಬರೀ ಶಕ್ತಿ ಬರೋ ಔಷಧಿ ಅಕ್ಕ. ಏನೂ ಆಗಲ್ಲ."

"ಅದರಲ್ಲಿ ಔಷಧಿ ಏನಿತ್ತು ಅಂತ ನಾನು ಕೇಳ್ಲಿಲ್ಲ. ನಿನ್ನ ರಕ್ತದಲ್ಲಿ ಏನಿದೆ ಅಂತ ಕೇಳ್ತಿದೀನಿ. ನೀನು ಏನಾದ್ರೂ ಚುಚ್ಕೊ, ಕಪ್ಪು ಗೆದ್ಕೊ, ನನಗೆ ಅದು ಬೇಕಾಗಿಲ್ಲ. ನನ್ನ ಜೊತೆ ಆಸ್ಪತ್ರೆಗೆ ಬಂದು ಒಂದು ಚೂರು ರಕ್ತ ಕೊಡು. ಕೊಟ್ಟ ಗಳಿಗೆ ನಿನ್ನ ಜೆರ್ಸಿ ಒಗೆದು ಮಡಚಿ ಕೊಟ್ಟುಬಿಡ್ತೀನಿ. ನನಗೂ ಸಿರಿಂಜು ಮರೆತುಹೋಗತ್ತೆ."

ನೋಡಿ, ನ್ಯಾಯ ಧರ್ಮ ಎತ್ತಿ ಹಿಡಿಯಲು ಹೊರಟವಳಲ್ಲ ಅವಳು. ಆಟದಲ್ಲಿ ಮೋಸ ಆಯಿತು ಅಂತ ಅವಳಿಗೆ ಕಣ್ಣೀರು ಬಂದಿರಲಿಲ್ಲ. ಅವನು ಬಂದಿದ್ದರೆ ಅವಳು ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ನನ್ನ ಬಾಯಿಯನ್ನೂ ಮುಚ್ಚಿಸುತ್ತಿದ್ದಳು.

ಕೊಕ್ಕರೆ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ರಕ್ತ ಕೊಟ್ರೆ ಅದರಲ್ಲಿ ಎಲ್ಲಾ ಕಾಣಿಸತ್ತೆ ಅಂತ ತಂಡದ ಡಾಕ್ಟ್ರು ಹೇಳಿದಾರೆ. ಶನಿವಾರ ದೊಡ್ಡ ರೇಸು. ಆಮೇಲೆ ನೋಡೋಣ ಅಕ್ಕ."

"ಆಮೇಲೆ ಅಂದ್ರೆ? ಅಲ್ಲೀತನಕ ನಾನು ವಿಷ ನುಂಗ್ತಾ ಕೂರ್ಲಾ?"

"ಮ್ಯಾನೇಜರ್‌ನ ಒಂದು ಮಾತು ಕೇಳಿ..."

ನನಗೆ ತಡೆಯಲಾಗಲಿಲ್ಲ. "ಲೇ, ನಿನ್ನ ರಕ್ತ ಮ್ಯಾನೇಜರ್‌ದಾ? ಅವಳ ಡಬ್ಬಿ ನೆಕ್ಕುವಾಗ ಮ್ಯಾನೇಜರ್‌ನ ಕೇಳಿದ್ಯಾ?" ಅಂತ ಅವನ ಸೈಕಲ್ ಹ್ಯಾಂಡಲ್ ಹಿಡಿದೆ. ಮೆಕ್ಯಾನಿಕ್‌ಗಳು ಓಡಿಬಂದು ನನ್ನನ್ನು ಎಳೆದು ಆಚೆ ಹಾಕಿದರು. ಅತ್ತಿಗೆ ತಾನಾಗೇ ಹೊರಗೆ ಬಂದಳು. ಬೀದಿಯಲ್ಲಿ ನಾನು ಬೊಬ್ಬೆ ಹೊಡೆಯುತ್ತಿದ್ದರೆ ಅವಳು, "ಶನಿವಾರದ ತನಕ ನೋಡ್ತೀನಿ" ಅಂದಳು. ಅಷ್ಟೇ.

ಆ ವಾರ ಅವಳ ಮನೆ ನೋಡಲಾಗುತ್ತಿರಲಿಲ್ಲ. ಮಾತ್ರೆ ನುಂಗಿದರೆ ವಾಂತಿ, ನುಂಗದಿದ್ದರೆ ಭಯ. ತರಕಾರಿ ಹೆಚ್ಚುವುದು ಬಿಟ್ಟಳು, ಬೆರಳು ಕುಯ್ದುಕೊಂಡರೆ ಅಂತ. ಮೊಮ್ಮಗಳು ಬಂದು ಕುತ್ತಿಗೆಗೆ ಜೋತುಬಿದ್ದರೆ ನಿಧಾನಕ್ಕೆ ಬಿಡಿಸಿ ದೂರ ಕೂರಿಸುತ್ತಿದ್ದಳು. ಮುಟ್ಟಿದರೆ ಬರುವ ಕಾಯಿಲೆ ಅಲ್ಲ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಹೇಳುವುದು ಸುಲಭ. "ಅಜ್ಜಿಗೆ ಕೋಪ ಬಂದಿದೆ" ಅಂತ ಮಗು ಅವರಮ್ಮನ ಹತ್ತಿರ ಚಾಡಿ ಹೇಳಿತು. ಇಷ್ಟರಲ್ಲಿ ಕೊಕ್ಕರೆ ಒಂದು ಸಲವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಶನಿವಾರ ಕೊಕ್ಕರೆ ಗೆದ್ದ. ಕೊನೆಯ ಏರಿನಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ಬರುತ್ತಿದ್ದರೆ ಇವನು ಬಾಯಿ ಮುಚ್ಚಿಕೊಂಡು ಹತ್ತಿದ. ಜನ ಕುಣಿಯುತ್ತಿದ್ದರು. ಅತ್ತಿಗೆ ನನ್ನ ಪಕ್ಕ ಆ ಒಗೆಯದ ಜೆರ್ಸಿಯ ಬಲೆ ಚೀಲ ಹಿಡಿದು ನಿಂತಿದ್ದಳು. ಅವನು ಸೈಕಲ್ ಇಳಿದು ಅವಳ ಮುಂದೆಯೇ ಹಾದುಹೋದ. ಕಣ್ಣಿಗೆ ಕಣ್ಣು ಸೇರಿತು. ತಲೆ ತಿರುಗಿಸಿ ಕ್ಯಾಮೆರಾ ಕಡೆ ನಗು ಬೀರಿದ.

ಅತ್ತಿಗೆ ಹೊರಟಳು. ರೇಸ್ ಮುಗಿಯುವ ಜಾಗದಲ್ಲಿ ಮದ್ದಿನ ತಪಾಸಣೆಯವರ ಬಿಳಿ ಡೇರೆ ಇತ್ತು. ಬಾಗಿಲಲ್ಲಿ ನಿಂತಿದ್ದವನು ತಡೆದ. "ಏನಮ್ಮ, ಬಟ್ಟೆ ಒಗೆಯೋರೆಲ್ಲ ಹಿಂದಿನ ಗೇಟಿಂದ ಹೋಗ್ಬೇಕು."

"ಒಗೆದಿಲ್ಲ ಕಣಪ್ಪ. ಅದಕ್ಕೇ ಮುಂದಿನ ಗೇಟಿಗೆ ಬಂದಿದೀನಿ."

ಒಳಗಿನ ಹೆಂಗಸೊಬ್ಬಳು ಈ ಮಾತು ಕೇಳಿಸಿಕೊಂಡು ಹೊರಗೆ ಬಂದಳು. ಅತ್ತಿಗೆ ಚೀಲ ಬಿಚ್ಚಿ ಜೇಬಿನ ಕಲೆ ತೋರಿಸಿದಳು, ಬೆರಳು ತೋರಿಸಿದಳು, ಆಸ್ಪತ್ರೆಯ ಮಾತ್ರೆ ತೋರಿಸಿದಳು. ಬರೀ ಒಂದು ಜೆರ್ಸಿ ಇಟ್ಟುಕೊಂಡು ಶಿಕ್ಷೆ ಕೊಡಲಾಗುವುದಿಲ್ಲವಂತೆ. ಆದರೆ ಏನನ್ನು ಹುಡುಕಬೇಕು ಅಂತ ಅವರಿಗೆ ಗೊತ್ತಾಯಿತು. ಅಲ್ಲೇ ಕೊಕ್ಕರೆಯ ಮೂತ್ರದ ಜೊತೆ ರಕ್ತವನ್ನೂ ತೆಗೆದರು. ಅತ್ತಿಗೆಗೆ ಕೊಡಲು ಇರದ ರಕ್ತ ಅವರಿಗೆ ಕೊಡಲೇಬೇಕಾಯಿತು. ತಮಾಷೆ ಏನೆಂದರೆ, ಅವರು ಹುಡುಕಿದ್ದು ಮದ್ದನ್ನು ಮಾತ್ರ. ಕಾಯಿಲೆ ಇದೆಯೋ ಇಲ್ಲವೋ ನೋಡಿ ಹೇಳಿ ಅಂತ ಅತ್ತಿಗೆ ಕೈ ಮುಗಿದು ಕೇಳಿದರೆ, ಅದು ನಮ್ಮ ಕೆಲಸ ಅಲ್ಲಮ್ಮ ಅಂದರು. ಮೋಸ ಹಿಡಿಯುವವರಿಗೂ ಅವಳ ಬೆರಳು ಬೇಕಿರಲಿಲ್ಲ. ಅವರ ಮೇಲೂ ನನಗೆ ಸಿಟ್ಟು ಇದೆ, ಬರೆದಿಡುತ್ತೇನೆ.

ಮದ್ದು ಸಿಕ್ಕಿತು. ಕೊಕ್ಕರೆಯನ್ನು ಆಟದಿಂದ ಹೊರಗೆ ಹಾಕಿದರು. ಫ್ಯಾಕ್ಟರಿಯವರು ತಂಡವನ್ನೇ ಮುಚ್ಚಿದರು. ಮ್ಯಾನೇಜರ್ ಬೇರೆ ಊರಿನ ಬೇರೆ ತಂಡಕ್ಕೆ ಹೋಗಿ ಅಲ್ಲೂ ಮ್ಯಾನೇಜರೇ ಆದ. ಅತ್ತಿಗೆಯ ಕೆಲಸ ಹೋಯಿತು, ಅಣ್ಣನನ್ನು ಗೇಟಿನಿಂದ ತೆಗೆದು ಹಳೇ ರಬ್ಬರಿನ ರಾಶಿ ಕಾಯಲು ಹಾಕಿದರು. ಊರಿನವರು ಉಗಿದದ್ದು ಯಾರಿಗೆ? ಅತ್ತಿಗೆಗೆ. ನಲ್ಲಿ ಹತ್ತಿರ ಹೆಂಗಸರು, "ಒಂದು ಸೂಜಿಗೆ ಊರಿನ ಮರ್ಯಾದೆ ಕಳೆದಳು" ಅಂದರು. ಮನೆ ಬಾಗಿಲಿಗೆ ಯಾರೋ ಹರಿದ ಟ್ಯೂಬು ಎಸೆದು ಹೋದರು. ಅತ್ತಿಗೆ ಅದನ್ನು ಎತ್ತಿಕೊಂಡು, ಕತ್ತರಿಸಿ, ಬಕೆಟ್ಟಿನ ಹಿಡಿಗೆ ಸುತ್ತಿದಳು. ನಾನು ಯಾರಂತ ಹುಡುಕಿ ಇಬ್ಬರಿಗೆ ಬಾರಿಸಿದೆ. ಅವರೇ ಎಸೆದವರು ಹೌದೋ ಅಲ್ಲವೋ ಗೊತ್ತಿಲ್ಲ, ಆದರೆ ಎಸೆಯುವಂಥವರೇ.

ಮೂರು ತಿಂಗಳ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಡಾಕ್ಟರಮ್ಮ ಕೈ ಕುಲುಕಿದರು. ಅವತ್ತು ಮಧ್ಯಾಹ್ನ ಮನೆಗೆ ಬಂದು ಅತ್ತಿಗೆ ಮೊದಲು ಮಾಡಿದ ಕೆಲಸ ಮೊಮ್ಮಗಳನ್ನು ತೊಡೆ ಮೇಲೆ ಎಳೆದುಕೊಂಡು ಕೂತದ್ದು. ಮಗು ನಿದ್ದೆ ಹೋದರೂ ಬಿಡಲಿಲ್ಲ. ಆಗ ಬಾಗಿಲಲ್ಲಿ ನೆರಳು ಬಿತ್ತು. ಕೊಕ್ಕರೆ. ಆಸ್ಪತ್ರೆಯಲ್ಲಿ ಏನೂ ಇಲ್ಲ ಅಂದದ್ದನ್ನು ಅಣ್ಣ ಅವನಿಗೆ ಹೇಳಿದ್ದನಂತೆ.

"ಏನೂ ಇಲ್ವಂತಲ್ಲ ಅಕ್ಕ" ಅಂದ. ಒಳಗೆ ಬರಲು ಯಾರೂ ಹೇಳಲಿಲ್ಲ, ಹೊಸ್ತಿಲ ಆಚೆಯೇ ನಿಂತಿದ್ದ. "ನಾನು ಅವತ್ತೇ ಹೇಳಿದ್ದೆ, ಏನೂ ಆಗಲ್ಲ ಅಂತ. ಸ್ವಲ್ಪ ತಡೆದಿದ್ರೆ ನಿನಗೂ ಒಳ್ಳೇದಾಗ್ತಿತ್ತು, ನನಗೂ ಬದುಕು ಇರ್ತಿತ್ತು."

ಅತ್ತಿಗೆ ಮಗುವಿನ ತಲೆ ಸವರುತ್ತಾ ಕೂತಿದ್ದಳು.

"ಎಲ್ಲರೂ ತಗೋತಾರೆ ಅಕ್ಕ. ಸಿಕ್ಕಿಬಿದ್ದೋನು ನಾನೊಬ್ಬ. ಕಾನೂನಲ್ಲಿ ಬಿಟ್ಟಿದ್ರೆ ಡಾಕ್ಟ್ರೇ ಕೂತು ಚುಚ್ಚಿ, ಸೂಜಿ ಅವರೇ ಎಸೀತಿದ್ರು. ನಿನಗೆ ಹೀಗೆ ಆಗ್ತಾನೇ ಇರಲಿಲ್ಲ. ತಪ್ಪು ನಂದಲ್ಲ, ಕಾನೂನಿಂದು."

ಸುಳ್ಳು ಯಾಕೆ ಹೇಳಲಿ, ಈ ಮಾತಿಗೆ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅತ್ತಿಗೆಗೆ ಹೊಳೆಯಿತು.

"ಸಕ್ಕರೆ ಪಾಕ ಎಲ್ಲರಿಗೂ ಬಿಟ್ಟಿದಾರಲ್ಲೋ. ಮತ್ಯಾಕೆ ನೀನು ಪಕ್ಕದೋನಿಗೆ ಕಾಣದ ಹಾಗೆ ಎರಡು ಜಾಸ್ತಿ ಒಳಗೆ ಬಚ್ಚಿಟ್ಕೋತಿದ್ದೆ? ನಿನ್ನ ಜೇಬು ಖಾಲಿ ಮಾಡಿದೋಳು ನಾನು. ಡಾಕ್ಟ್ರು ಒಂದು ಚುಚ್ಚಿದ್ರೆ ನೀನು ಕದ್ದು ಇನ್ನೊಂದು ಚುಚ್ಕೋತಿದ್ದೆ. ಅದೂ ನನ್ನ ಕೈಗೇ ಸಿಗ್ತಿತ್ತು."

"ಆದ್ರೂ ನಿನಗೇನೂ ಆಗಿಲ್ವಲ್ಲ!" ಅಂತ ಅವನು ದನಿ ಏರಿಸಿದ. ಮಗು ಬೆಚ್ಚಿ ಎದ್ದಿತು.

ಏನೂ ಆಗಿಲ್ವಲ್ಲ! ಆ ವಾಂತಿ, ಆ ಭಯ, ಆ ಮಗುವನ್ನು ದೂರ ಕೂರಿಸಿದ್ದು, ಏನೂ ಅಲ್ಲ. ಹೊಸ್ತಿಲು ದಾಟಿ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ ಮುಷ್ಟಿ ಎತ್ತಿದೆ.

"ಬಿಡೋ ಅವನನ್ನ" ಅಂದಳು ಅತ್ತಿಗೆ ಕೂತಲ್ಲಿಂದಲೇ.

"ಇವನ ಮೇಲೆ ಇನ್ನೂ ಕನಿಕರವಾ ನಿನಗೆ?"

"ಕನಿಕರ ಎಂಥದು. ನೀನು ಹೊಡೀತೀಯ, ಅವನ ಮೂಗಲ್ಲಿ ರಕ್ತ ಬರತ್ತೆ, ನೆಲ ಒರೆಸೋಳು ನಾನು. ಅವನ ರಕ್ತದಲ್ಲಿ ಏನಿದೆ ಅಂತ ಇವತ್ತಿನ ತನಕ ಹೇಳಿಲ್ಲ ಅವನು."

ನನ್ನ ಕೈ ತಾನಾಗೇ ಸಡಿಲವಾಯಿತು. ಕೊಕ್ಕರೆ ಆಗಲಾದರೂ ಹೇಳಬಹುದಿತ್ತು, ಇಲ್ಲ ಅಕ್ಕ, ಪರೀಕ್ಷೆ ಮಾಡಿಸಿದ್ದೆ, ಏನೂ ಇಲ್ಲ ಅಂತ. ಅವನು ಪರೀಕ್ಷೆ ಮಾಡಿಸಿಯೇ ಇರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಅಂಗಿ ಸರಿಮಾಡಿಕೊಂಡು, ಮೂಗು ಮುಟ್ಟಿ ನೋಡಿಕೊಂಡು, ಮೆಟ್ಟಿಲಿಳಿದು ಹೋದ.